‘ಆಯಾಸ’ದ ಎರಡು ಅರ್ಥಗಳು: ಹಿಂದೂಪುರ, ಕಲ್ಯಾಣದುರ್ಗಗಳ ಗಡಿಯಲ್ಲಿ ಸಾಂಕ್ರಾಮಿಕ ಸೂಚನೆಯ ಭಾಷೆ

2020ರ ಏಪ್ರಿಲ್ ತಿಂಗಳಲ್ಲಿ ಆಂಧ್ರಪ್ರದೇಶ ಸರ್ಕಾರವು ದೂರವಾಣಿಯ ಮೂಲಕ ವೈದ್ಯಕೀಯ ಸಲಹೆ ನೀಡುವ ವ್ಯವಸ್ಥೆಯನ್ನು ಆರಂಭಿಸಿತು. ಅದರ ಸಂಖ್ಯೆ 14410. ಅದೇ ತಿಂಗಳು ಕರ್ನಾಟಕ ಸರ್ಕಾರ ಆರಂಭಿಸಿದ ‘ಆಪ್ತಮಿತ್ರ’ ಸಹಾಯವಾಣಿಯ ಸಂಖ್ಯೆಯೂ 14410. ಗೌರಿಬಿದನೂರಿನಲ್ಲಿ ಒತ್ತಿದರೆ ಕರ್ನಾಟಕದ ಕೇಂದ್ರ, ಮೂವತ್ತು ಕಿಲೋಮೀಟರಿಗೂ ಕಡಿಮೆ ದೂರದ ಹಿಂದೂಪುರದಲ್ಲಿ ಒತ್ತಿದರೆ ಆಂಧ್ರದ ಕೇಂದ್ರ. ಆಡಳಿತದ ದೃಷ್ಟಿಯಿಂದ ಇದರಲ್ಲಿ ಅಸಂಗತವಾದುದೇನೂ ಇಲ್ಲ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಸೀಮೆಯ ಕನ್ನಡ ಮನೆಗಳ ಪಾಲಿಗೆ ಮಾತ್ರ, ಕಾಯಿಲೆಯನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳಬೇಕೆಂಬುದನ್ನು ಅವರು ನಿಂತ ನೆಲವೇ ನಿರ್ಧರಿಸುತ್ತಿತ್ತು.

ಕೋವಿಡ್ ರೋಗಿಯನ್ನು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಉಸಿರಾಟದ ತೊಂದರೆಯೂ ಒಂದು. ತೆಲುಗಿನ ಆಡುಮಾತಿನಲ್ಲಿ ಅದು ‘ಆಯಾಸಂ’. ಕನ್ನಡದಲ್ಲಿ ‘ಆಯಾಸ’ವೆಂದರೆ ದಣಿವು; ಉಸಿರು ಸಿಗದಿರುವುದಕ್ಕೆ ಏದುಸಿರು, ಉಬ್ಬಸ, ದಮ್ಮು ಎಂಬ ಬೇರೆ ಪದಗಳಿವೆ. ದಣಿವು ಮನೆಯಲ್ಲಿದ್ದುಕೊಂಡೇ ಗಮನಿಸಬಹುದಾದ ಲಕ್ಷಣ. ಏದುಸಿರು ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ. ‘ಆಯಾಸಂ’ ಬಂದರೆ ಕೂಡಲೇ ಬನ್ನಿ ಎಂಬ ಎಚ್ಚರಿಕೆಯು, ದಿನವೂ ಹೊಲದಿಂದ ಆಯಾಸಗೊಂಡೇ ಮರಳುವ ಕನ್ನಡ ಮುದುಕಿಗೆ ಎಚ್ಚರಿಕೆಯಾಗಿಯೇ ಕೇಳಿಸದು. ತೆಲುಗಿನ ‘ಜಾಗ್ರತ್ತ’ ಹುಷಾರಾಗಿರು ಎನ್ನುತ್ತದೆ. ದಕ್ಷಿಣ ಕರ್ನಾಟಕದ ಆಡುಮಾತಿನ ‘ಜಾಗ್ರತೆ’ ಬೇಗನೆ ಬಾ ಎಂದೂ ಅವಸರಪಡಿಸುತ್ತದೆ. ತೆಲುಗಿನ ‘ಟೀಕಾ’ ಲಸಿಕೆ. ಕನ್ನಡದ ಟೀಕೆ ಏನೆಂಬುದನ್ನು ಸಾಹಿತ್ಯದ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ತೀರ ಬೇರೆಯಾದ ಪದದಿಂದ ಅಪಾಯ ಕಡಿಮೆ: ‘ದಗ್ಗು’ ಎಂದರೆ ಕೆಮ್ಮು ಎಂದು ತಿಳಿಯದವನು ಕೇಳಿ ತಿಳಿಯುತ್ತಾನೆ. ತಿಳಿದಿದೆಯೆಂಬ ಭ್ರಮೆ ಹುಟ್ಟಿಸುವ ಪದದಲ್ಲಿ ಪ್ರಶ್ನೆಗೇ ಎಡೆಯಿಲ್ಲ. ಒಂದೇ ಮೂಲದಿಂದ ಕವಲೊಡೆದ ಎರಡು ಲಿಪಿಗಳ ಹೋಲಿಕೆ ಆ ಭ್ರಮೆಯನ್ನು ಇನ್ನಷ್ಟು ಬಲಪಡಿಸುತ್ತದೆ.

ಗಡಿಯ ಕನ್ನಡಿಗರೆಲ್ಲ ದ್ವಿಭಾಷಿಗಳು ಎಂಬ ಸಮಾಧಾನವನ್ನು ವಿದ್ವಾಂಸರೂ ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಆದರೆ ಸಂತೆಯ ತೆಲುಗು ಬೇರೆ, ಕಾಯಿಲೆಯ ತೆಲುಗು ಬೇರೆ. ಕೋವಿಡ್‌ಗೆ ಹೆಚ್ಚು ಗುರಿಯಾದವರು ವೃದ್ಧರು ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ಸಮಸ್ಯೆಯ ಬೇರು ಹಳೆಯದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ತಲುಪಿತು. ಹಿಂದೂಪುರ ಆಗ ಮದರಾಸು ಪ್ರೆಸಿಡೆನ್ಸಿಗೆ ಸೇರಿದ, ಬೆಂಗಳೂರು–ಗುಂತಕಲ್ ಮಾರ್ಗದ ರೈಲು ಊರು. ಸೋಂಕಿತ ಪ್ರದೇಶಗಳಿಂದ ಬರುವವರಿಗೆ ಮದರಾಸು ಸರ್ಕಾರ ‘ಪ್ಲೇಗು ಪಾಸ್‌ಪೋರ್ಟು’ ಕೊಟ್ಟು, ತಲುಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಗಳ ಮುಂದೆ ಹಾಜರಾಗಬೇಕೆಂದು ವಿಧಿಸಿತ್ತು. 2020ರಲ್ಲಿ ಅದೇ ಗಡಿಯನ್ನು ದಾಟುವವರಿಗೆ ಆಂಧ್ರದ ‘ಸ್ಪಂದನ’ ಮತ್ತು ಕರ್ನಾಟಕದ ‘ಸೇವಾ ಸಿಂಧು’ ಜಾಲತಾಣಗಳ ಅನುಮತಿ ಬೇಕಾಯಿತು. ಚಿಕಿತ್ಸೆಗೆ ಬೆಂಗಳೂರನ್ನೇ ನೆಚ್ಚಿದ್ದ ಹಿಂದೂಪುರದವರಿಗೆ ಅದು ಸಣ್ಣ ತೊಡಕಲ್ಲ.

ಎರಡೂ ಕಾಲದ ನಿರ್ಬಂಧಗಳ ಹಿಂದೆ ನಿಂತದ್ದು 1897ರ ಸಾಂಕ್ರಾಮಿಕ ರೋಗಗಳ ಅಧಿನಿಯಮ. 2020ರಲ್ಲಿ ಅದಕ್ಕೆ 2005ರ ವಿಪತ್ತು ನಿರ್ವಹಣಾ ಅಧಿನಿಯಮ ಜೊತೆಯಾಯಿತು. ಸರ್ಕಾರವು ಸಾರ್ವಜನಿಕ ಪ್ರಕಟಣೆಯ ಮೂಲಕ ತಾತ್ಕಾಲಿಕ ನಿಯಮಗಳನ್ನು ವಿಧಿಸಬಹುದು, ಮೀರಿದವರನ್ನು ಭಾರತೀಯ ದಂಡ ಸಂಹಿತೆಯ 188ನೆಯ ಕಲಮಿನಂತೆ ದಂಡಿಸಬಹುದು ಎನ್ನುತ್ತಿತ್ತು ಆ ಪುಟ್ಟ ಶಾಸನ. 188ನೆಯ ಕಲಮು ಅಪರಾಧಿಯೆನ್ನುತ್ತಿದ್ದುದು ಆದೇಶವನ್ನು ತಿಳಿದೂ ಮೀರಿದವನನ್ನು. ಪ್ರಕಟಣೆ ಯಾವ ಭಾಷೆಯಲ್ಲಿರಬೇಕು ಎಂಬುದರ ಬಗ್ಗೆ 1897ರ ಶಾಸನ ಮೌನ ತಾಳಿದೆ.

ಆ ಮೌನವನ್ನು ತುಂಬಬಹುದಾಗಿದ್ದ ಪಠ್ಯ 1956ರದು. ರಾಜ್ಯಗಳ ಪುನರ್ವಿಂಗಡಣೆಯೊಡನೆ ಕೇಂದ್ರವು ಸಿದ್ಧಪಡಿಸಿದ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳ ಜ್ಞಾಪನಪತ್ರವು, ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇ. 15ರಿಂದ 20ರಷ್ಟು ಮಂದಿ ಬೇರೆ ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕೆಂದು ಸೂಚಿಸಿತು. ಇದು ಭರವಸೆಯೇ ಹೊರತು ಕಾನೂನಲ್ಲ. ಕೋವಿಡ್ ಕಾಲದಲ್ಲಿ ಕೇಂದ್ರದ ‘ಆರೋಗ್ಯ ಸೇತು’ ಕನ್ನಡದಲ್ಲಿಯೂ ಇತ್ತು; ‘ಕೋವಿನ್’ 2021ರ ಜೂನ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡಿತು. ಅಲ್ಲಿ ಭಾಷೆಯನ್ನು ವ್ಯಕ್ತಿಯೇ ಆರಿಸಿಕೊಳ್ಳಬಹುದು, ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ.

ಉಳಿದವರನ್ನು ತಲುಪಿದ್ದು ಮನುಷ್ಯರು. ಆಂಧ್ರದಲ್ಲಿ 2019ರ ಆಗಸ್ಟ್ 15ರಂದು ಆರಂಭವಾದ ಗ್ರಾಮ ಸ್ವಯಂಸೇವಕ ವ್ಯವಸ್ಥೆಯಲ್ಲಿ ಐವತ್ತು ಮನೆಗಳಿಗೆ ಒಬ್ಬರಂತೆ ಅದೇ ಊರಿನವರನ್ನು ನೇಮಿಸಲಾಗಿತ್ತು. ಮನೆಮನೆಯ ಸಮೀಕ್ಷೆ ಅವರದು, ಆಶಾ ಕಾರ್ಯಕರ್ತೆಯರದು. ಕನ್ನಡದ ಊರುಗಳಲ್ಲಿ ಅವರ ಕೈಯಲ್ಲಿದ್ದುದು ತೆಲುಗು ನಮೂನೆ, ಬಾಯಲ್ಲಿದ್ದುದು ಕನ್ನಡ ಎಂದು ಊಹಿಸುವುದು ಅತಿಶಯವಾಗಲಾರದು. ಕಲ್ಯಾಣದುರ್ಗ ಮತ್ತು ಬತ್ತಲಪಲ್ಲಿಗಳಲ್ಲಿ ಆಸ್ಪತ್ರೆ ನಡೆಸುವ, 1969ರಲ್ಲಿ ವಿನ್ಸೆಂಟ್ ಫೆರೆರ್ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಟ್ರಸ್ಟಿನ ವಾರ್ಡುಗಳಲ್ಲೂ ಇಂಥ ದುಭಾಷಿಗಳು ಇದ್ದಿರಲೇಬೇಕು. ‘ಆಯಾಸಂ’ ಅನ್ನು ‘ದಮ್ಮು’ ಎಂದು ತಿದ್ದಿ ಹೇಳಿದವರು ಇವರೇ. ಆದರೆ ಕಡತಕ್ಕೆ ಹೋಗುವುದು ನಮೂನೆ. ಹೊಸ್ತಿಲಲ್ಲಿ ನಡೆದ ಅನುವಾದಕ್ಕೆ ದಾಖಲೆಯಿಲ್ಲ. ಪ್ಲೇಗಿನ ಕಾಲದ ಡಂಗುರದ ಮಾತಿಗೂ ಇದೇ ಗತಿ. ಮುಂದಿನ ಇತಿಹಾಸಕಾರನಿಗೆ ಈ ಸೀಮೆ ಪೂರ್ತಿ ತೆಲುಗಿನದಾಗಿಯೇ ಕಂಡರೆ ತಪ್ಪು ಅವನದಲ್ಲ.

2022ರ ಏಪ್ರಿಲ್ 4ರಂದು ಹಿಂದೂಪುರ, ಮಡಕಶಿರಾಗಳು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ, ರಾಯದುರ್ಗಗಳು ಅನಂತಪುರದಲ್ಲೇ ಉಳಿದವು. ಜಿಲ್ಲಾಮಟ್ಟದಲ್ಲಿ ಕನ್ನಡಿಗರ ಶೇಕಡಾವಾರು ಲೆಕ್ಕವನ್ನು ಈಗ ಎರಡು ಕಡೆ ಬೇರೆ ಬೇರೆಯಾಗಿ ಹಾಕಬೇಕು. ಅದಕ್ಕೆ ಆಧಾರವಾಗಬೇಕಿದ್ದ 2021ರ ಜನಗಣತಿ, ಕೋವಿಡ್ ಕಾರಣದಿಂದಲೇ, ಆ ವರ್ಷ ನಡೆಯಲಿಲ್ಲ.