ವೇಕ್‌ಸರ್ಫ್ ಬೋರ್ಡ್ ಪರೀಕ್ಷಿಸಲು ಯಾವ ಮೋಟಾರ್ ಬೋಟ್ ಆದರೂ ಸಾಕೇ?

ಸಾಲದು, ಅಪಾಯವೂ ಹೌದು. ಹೊಸದಾಗಿ ಮಾಡಿಸಿದ ಬೋರ್ಡ್ ಎಷ್ಟೇ ಚೆನ್ನಾಗಿರಲಿ, ಹಗ್ಗ ಬೇಕಿರುವುದು ಎದ್ದು ನಿಲ್ಲುವವರೆಗೆ ಮಾತ್ರ. ಆಮೇಲೆ ಗಂಟೆಗೆ ಸುಮಾರು 16–18 ಕಿ.ಮೀ. ವೇಗದ ಬೋಟ್ ಎಬ್ಬಿಸುವ ಅಲೆಯ ಇಳಿಜಾರಿನಲ್ಲಿ ಬೋರ್ಡ್ ಜಾರುತ್ತಲೇ ಇರುತ್ತದೆ. ಅಂದರೆ ಸವಾರ ಬೋಟಿನಿಂದ ಕೆಲವೇ ಅಡಿ ಹಿಂದೆ! ಔಟ್‌ಬೋರ್ಡ್ ಎಂಜಿನ್ ಆದರೆ ತಿರುಗುವ ಪ್ರೊಪೆಲರ್ ಕೂಡ ಅಲ್ಲೇ ಇರುತ್ತದೆ. ಬಿದ್ದವರ ಗತಿ ಯೋಚಿಸಿ. ಹಾಗಾಗಿ ಪ್ರೊಪೆಲರ್ ಬೋಟಿನ ತಳದಡಿ, ಒಳಗೆ ಸರಿದಿರಬೇಕು.

ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದರೆ ಸುಸ್ತು ಎಂದುಕೊಳ್ಳದೆ ಹೊಗೆಯಿಂದ ದೂರ ಬನ್ನಿ.

ಹಲಸೂರು ಕೆರೆ? 2016ರ ಮಾರ್ಚ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಅಲ್ಲೇ. ಕೊಳಚೆ ಸೇರಿದ ನೀರು ಕುಡಿದು ಕಲಿಯುವ ಆಟವಲ್ಲ ಇದು. ಅಲೆ ಸವಾರಿ ಕಲಿಯಬೇಕಾದರೆ ಮೂಲ್ಕಿಯ ಕಡಲಿದೆ, ಅಲ್ಲಿ ಬೋಟೂ ಬೇಕಿಲ್ಲ.