ಕೀಮೋಥೆರಪಿ ನರಹಾನಿಯ ಪುನಶ್ಚೇತನ ಚಿಕಿತ್ಸೆ

ಕ್ಯಾನ್ಸರ್ ಔಷಧಗಳಿಂದ ಕೈಕಾಲುಗಳ ನರಗಳಿಗಾಗುವ ಹಾನಿಯನ್ನು ವ್ಯಾಯಾಮ, ಸ್ಪರ್ಶ ಹಾಗೂ ಸಮತೋಲನದ ತರಬೇತಿಯಿಂದ ತಗ್ಗಿಸುವ ಚಿಕಿತ್ಸೆ. ಬೆರಳ ತುದಿಗಳಲ್ಲಿ ಜೋಮು, ಅಂಗಾಲಿನಲ್ಲಿ ಉರಿ, ಅಂಗಿಯ ಗುಂಡಿ ಹಾಕಲು ತೊಡಕು, ಕತ್ತಲಲ್ಲಿ ನಡೆದರೆ ತೂರಾಟ ಈ ಹಾನಿಯ ಸಾಮಾನ್ಯ ಲಕ್ಷಣಗಳು.

ನಿತ್ಯಪುಷ್ಪದ ಗಿಡದಿಂದ ತೆಗೆದ ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ 1963ರಲ್ಲಿ ಅನುಮತಿ ದೊರೆಯಿತು. ಜೀವಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಿಕೆಗಳು ರೂಪುಗೊಳ್ಳದಂತೆ ಅದು ತಡೆಯುತ್ತದೆ. ನರತಂತುಗಳೊಳಗಿನ ಸಾಗಣೆಗೂ ಇವೇ ನಾಳಿಕೆಗಳು ಆಧಾರ. ಹಾಗಾಗಿ ಅತಿ ಉದ್ದದ ನರಗಳು ತಲುಪುವ ಪಾದಗಳಿಗೇ ಸಾಮಾನ್ಯವಾಗಿ ಮೊದಲ ಪೆಟ್ಟು. 1978ರಲ್ಲಿ ಬಂದ ಸಿಸ್‌ಪ್ಲಾಟಿನ್ ಬೆನ್ನುಹುರಿಯ ಪಕ್ಕದ ಸಂವೇದನಾ ನರಗಂಟುಗಳನ್ನು ಕೆಡಿಸುತ್ತದೆ. ಔಷಧ ನಿಲ್ಲಿಸಿದ ಮೇಲೂ ಕೆಲವು ತಿಂಗಳು ತೊಂದರೆ ಉಲ್ಬಣಿಸುವುದುಂಟು. ಪ್ಯಾಕ್ಲಿಟ್ಯಾಕ್ಸೆಲ್ (1992), ಆಕ್ಸಾಲಿಪ್ಲಾಟಿನ್‌ಗಳ (2002) ಬಳಕೆಯೊಂದಿಗೆ ಸಮಸ್ಯೆ ವ್ಯಾಪಕವಾಯಿತು. ಔಷಧದ ಪ್ರಮಾಣ ಇಳಿಸುವುದು ಅಥವಾ ನಿಲ್ಲಿಸುವುದೇ ಬಹುಕಾಲ ವೈದ್ಯರಿಗಿದ್ದ ಮುಖ್ಯ ಉಪಾಯ.

ಪುನಶ್ಚೇತನದ ಬೇರು ಇನ್ನೂ ಹಳೆಯದು. ಸಿಫಿಲಿಸ್ ಬೆನ್ನುಹುರಿಗೆ ತಗುಲಿ ಕಾಲು ಎಲ್ಲಿದೆಯೆಂಬ ಅರಿವು ಕಳೆದುಕೊಂಡ ರೋಗಿಗಳಿಗೆ ಸ್ವಿಸ್ ವೈದ್ಯ ಹೈನ್ರಿಶ್ ಫ್ರೆಂಕೆಲ್ 19ನೇ ಶತಮಾನದ ಕೊನೆಯಲ್ಲಿ ವ್ಯಾಯಾಮ ಕ್ರಮವೊಂದನ್ನು ರೂಪಿಸಿದ. ಪಾದವನ್ನು ನೋಡುತ್ತ, ಎಣಿಸುತ್ತ, ನಿಧಾನವಾಗಿ ಗುರುತಿಟ್ಟ ಜಾಗದಲ್ಲೇ ಇಡಬೇಕು. ನರ ತಿಳಿಸದ್ದನ್ನು ಕಣ್ಣು ತಿಳಿಸುತ್ತದೆ. ಮುಂದೆ ಕ್ಯಾನ್ಸರ್ ರೋಗಿಗಳ ಪುನಶ್ಚೇತನವನ್ನು ತಡೆಗಟ್ಟುವ, ಮರಳಿಸುವ, ಆಸರೆಯಾಗುವ, ಉಪಶಮನ ನೀಡುವ ಎಂಬ ನಾಲ್ಕು ಬಗೆಗಳಾಗಿ ವಿಂಗಡಿಸಿದವನು ನ್ಯೂಯಾರ್ಕಿನ ವೈದ್ಯ ಹರ್ಬರ್ಟ್ ಡೀಟ್ಸ್.

2013ರ ಅಮೆರಿಕದ ಪ್ರಯೋಗವೊಂದರಲ್ಲಿ ಡುಲಾಕ್ಸೆಟೀನ್ ಮಾತ್ರೆ ನರನೋವನ್ನು ಸ್ವಲ್ಪಮಟ್ಟಿಗೆ ತಗ್ಗಿಸಿತು. ಆದರೆ ನಡಿಗೆ, ಸಮತೋಲನಗಳಿಗೆ ತರಬೇತಿಯೇ ಬೇಕು. ಜರ್ಮನಿಯ ಫಿಯೋನಾ ಸ್ಟ್ರೆಕ್‌ಮನ್ ತಂಡ 61 ಲಿಂಫೋಮಾ ರೋಗಿಗಳಿಗೆ ಸಮತೋಲನ ತರಬೇತಿಯನ್ನೂ ಒಳಗೊಂಡ 36 ವಾರಗಳ ವ್ಯಾಯಾಮದ ಪ್ರಯೋಗ ನಡೆಸಿ, ಅದು ಫಲಕಾರಿಯೆಂದು 2014ರಲ್ಲಿ ವರದಿಮಾಡಿತು. ಆದರೂ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರಲ್ಲಿ ವ್ಯಾಯಾಮವನ್ನು ಶಿಫಾರಸು ಮಾಡಲು ಪುರಾವೆ ಸಾಲದೆಂದಿತು. 2024ರಲ್ಲಿ ಸ್ಟ್ರೆಕ್‌ಮನ್ ತಂಡ 158 ರೋಗಿಗಳ ಅಧ್ಯಯನ ಪ್ರಕಟಿಸಿತು. ಕೀಮೋಥೆರಪಿ ನಡೆಯುತ್ತಿರುವಾಗಲೇ ವಾರಕ್ಕೆ ಎರಡು ಬಾರಿ ಅಲುಗುವ ನೆಲೆಯ ಮೇಲೆ ನಿಲ್ಲುವಂಥ ಸಮತೋಲನ ತರಬೇತಿ ಪಡೆದವರಲ್ಲಿ ಶೇ. 30ರಷ್ಟು ಮಂದಿಗೆ ನರಹಾನಿಯಾಯಿತು. ಕಂಪನ ಫಲಕದ ಮೇಲೆ ವ್ಯಾಯಾಮ ಮಾಡಿದವರಲ್ಲಿ ಇದು ಶೇ. 41, ಎಂದಿನ ಆರೈಕೆಯಷ್ಟೇ ಸಿಕ್ಕವರಲ್ಲಿ ಸುಮಾರು ಶೇ. 71. ಹಾನಿಯಾದ ಮೇಲೆ ಶುರುವಾಗುತ್ತಿದ್ದ ತರಬೇತಿಯನ್ನು ಮೊದಲ ಡೋಸ್‌ನ ಹೊತ್ತಿಗೇ ಆರಂಭಿಸಬೇಕೆಂಬ ವಾದಕ್ಕೆ ಇದರಿಂದ ಬಲ ಬಂದಿದೆ.