ಆವೃತ್ತಿಯೋ, ಮುದ್ರಣವೋ?

ಆವೃತ್ತಿ

ಹಳೆಯ ಪುಸ್ತಕಗಳ ಮಾರಾಟದಲ್ಲಿ ‘ಮೊದಲ ಆವೃತ್ತಿ’ ಎಂಬ ಮಾತು ಬಹಳ ಸಡಿಲವಾಗಿ ಓಡಾಡುತ್ತಿದೆ. ಈ ಪದದ ಮೂಲದಲ್ಲಿರುವ ಸಂಸ್ಕೃತದ ‘ವೃತ್’ ಎಂದರೆ ತಿರುಗು. ‘ಆ’ ಸೇರಿದಾಗ ಮರಳಿ ಬರುವುದು, ಮತ್ತೆ ಮತ್ತೆ ಮಾಡುವುದು. ರುದ್ರವನ್ನು 11 ಆವೃತ್ತಿ ಹೇಳಿದರು ಎನ್ನುವಾಗ ಉಳಿದಿರುವುದು ಈ ಹಳೆಯ ಅರ್ಥವೇ. ತಾಳದ ಆವರ್ತ ಇದರ ಒಡಹುಟ್ಟು. ಪುಸ್ತಕದ ವಿಷಯದಲ್ಲಿ ಮರಾಠಿಯಲ್ಲೂ ನಮ್ಮಂತೆ ಆವೃತ್ತಿ ಎನ್ನುತ್ತಾರೆ. ಹಿಂದಿಯಲ್ಲಿ ‘ಸಂಸ್ಕರಣ್’, ತಮಿಳಿನಲ್ಲಿ ‘ಪದಿಪ್ಪು’.

ಪಠ್ಯ ಪರಿಷ್ಕಾರಗೊಂಡರೆ ಹೊಸ ಆವೃತ್ತಿ. ಅದೇ ಪಠ್ಯ ಮತ್ತೆ ಅಚ್ಚಾದರೆ ಮರುಮುದ್ರಣ. ಕಿಟೆಲ್ ನಿಘಂಟನ್ನೇ ನೋಡಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು ಮೊದಲ ಆವೃತ್ತಿ. ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದ್ರಾಸ್ ವಿಶ್ವವಿದ್ಯಾಲಯದಿಂದ ಸಂಪುಟಗಳಾಗಿ ಬಂದದ್ದು ನಿಜವಾದ ಹೊಸ ಆವೃತ್ತಿ. ದೆಹಲಿಯಲ್ಲಿ ಹಳೆಯ ಪುಟಗಳನ್ನೇ ಪಡಿಯಚ್ಚು ತೆಗೆದದ್ದು ಮರುಮುದ್ರಣ ಮಾತ್ರ. ಇಂಥ ಪಡಿಯಚ್ಚುಗಳಲ್ಲಿ ಮೂಲದ ವರ್ಷವೂ ಹಾಗೇ ಉಳಿದಿರಬಹುದು. ಕಾಗದ, ಹೊಲಿಗೆ, ರಟ್ಟು ನೋಡದೆ ಬೆಲೆ ಕಟ್ಟಬಾರದು.

ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಹಿಂಬದಿಯೇ ಮುಖ್ಯ ಸಾಕ್ಷಿ. ‘ಮೊದಲ ಮುದ್ರಣ’ದ ಕೆಳಗೆ ಎರಡನೆಯ, ಮೂರನೆಯ ಮುದ್ರಣದ ವರ್ಷಗಳಿದ್ದರೆ ಕೈಯಲ್ಲಿರುವುದು ಆ ಪಟ್ಟಿಯ ಕೊನೆಯದು. ಮೇಲಿನ ಸಾಲನ್ನಷ್ಟೇ ಓದಿ ದುಬಾರಿ ಬೆಲೆ ತೆರುವವರಿದ್ದಾರೆ. ಮಾರುವವರು ಆವೃತ್ತಿ, ಮುದ್ರಣ ಎಂಬ ಈ ಎರಡು ಪದಗಳನ್ನು ಬೆರೆಸಲೇಬಾರದು.